ಗುಡ್ಡವೆದ್ದ ಕೌದಿ

ಹೆಂಗಸೊಬ್ಬಳು ಸೂಜಿದಾರ ಹಿಡಿದು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತರೆ ಬೀದಿಯ ಜನ ತಮ್ಮ ಪಾಡಿಗೆ ತಾವು ಹೋಗುತ್ತಾರೆ; ಅದೇ ಕಟ್ಟೆಯ ಮೇಲೆ ಅದೇ ಸೂಜಿ ಹಿಡಿದು ಗಂಡಸೊಬ್ಬ ಕೂತರೆ ನಿಂತುಬಿಡುತ್ತಾರೆ. ಇದು ನಾನು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ, ಮಸ್ಕಿಯ ನಮ್ಮ ಓಣಿಯಲ್ಲಿ ತಿಂಗಳೊಪ್ಪತ್ತು ಕೂತು ಕಂಡುಕೊಂಡ ಸತ್ಯ. ದರ್ಜಿಯ ಮಾತು ಬೇರೆ. ಅವನ ಮುಂದೆ ಮಷಿನ್ ಇರುತ್ತದೆ. ಮಷಿನ್ ಮುಂದಿದ್ದರೆ ಗಂಡಸು ಏನು ಮಾಡಿದರೂ ಅದು ಗಂಡಸಿನ ಕೆಲಸವೇ. ಬರಿಯ ಒಂದು ಸೂಜಿ ಹಿಡಿದು, ತೊಡೆಯ ಮೇಲೆ ಬಣ್ಣಬಣ್ಣದ ಚಿಂದಿ ಹರಡಿಕೊಂಡು, ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ಸಿಕ್ಕಿಸಿಕೊಂಡು ಕೂತ ಗಂಡಸು ಮಾತ್ರ ಸಾರ್ವಜನಿಕ ಪ್ರದರ್ಶನದ ವಸ್ತುವಾಗುತ್ತಾನೆ. ಹಾಲಿನವನು ಕ್ಯಾನು ಕೆಳಗಿಟ್ಟು ನೋಡುತ್ತಾನೆ. ಎಮ್ಮೆ ಹೊಡೆದುಕೊಂಡು ಹೊರಟವನು ಎಮ್ಮೆಯನ್ನು ಮುಂದೆ ಬಿಟ್ಟು ತಾನು ಹಿಂದೆ ಉಳಿಯುತ್ತಾನೆ. ಸ್ವಲ್ಪ ದೂರ ಹೋದ ಎಮ್ಮೆಯೂ, ಇವನೇಕೆ ಬರಲಿಲ್ಲವೆಂದು ತಿರುಗಿ ಬಂದು, ಅವನ ಪಕ್ಕದಲ್ಲೇ ನಿಂತು ನೋಡುತ್ತದೆ.

"ಏನ್ರಿ ಮಾಸ್ತರ, ಮನ್ಯಾಗ ಹೆಣ್ಮಕ್ಕಳು ಇಲ್ಲೇನ್ರಿ?" ಎಂಬುದು ಎಲ್ಲರ ಮೊದಲ ಪ್ರಶ್ನೆ. ಇಲ್ಲ ಎನ್ನುವುದೇ ನನ್ನ ಸಂಕಟದ ಸಾರಸರ್ವಸ್ವವಾಗಿತ್ತು. ನನ್ನ ಹೆಂಡತಿ ಗಿರಿಜಾ ಸಿಂಧನೂರಿನ ತವರಿನಲ್ಲಿದ್ದಳು. ಅವಳ ಮಡಿಲಲ್ಲಿ, ಸರಿಯಾಗಿ ಎತ್ತಿಕೊಳ್ಳಲು ನಾನಿನ್ನೂ ಕಲಿಯದಿದ್ದ ನನ್ನ ಚೊಚ್ಚಲ ಮಗಳಿದ್ದಳು. ನಾನು ಕೌದಿಯನ್ನು ಕೈಯಾರೆ ಹೊಲಿದು ಮುಗಿಸುವವರೆಗೆ ಇಬ್ಬರೂ ಮಸ್ಕಿಗೆ ಬರುವುದಿಲ್ಲವೆಂಬ ತೀರ್ಪು ಹೊರಬಿದ್ದಾಗಿತ್ತು. ಈ ಚರಿತ್ರೆಯನ್ನೆಲ್ಲ ಎಮ್ಮೆಯವನಿಗೆ ವಿವರಿಸಲಾದೀತೆ? "ಸುಮ್ನ, ಒಂದು ಹವ್ಯಾಸ" ಎಂದೆ. ಅವನು ಮರುಕದಿಂದ ತಲೆಯಾಡಿಸಿ, ಪಕ್ಕದ ಹಳ್ಳಿಯಲ್ಲಿ ಅದಕ್ಕೆ ಬೇರು ಅರೆದು ಕೊಡುವವರಿದ್ದಾರೆಂದು ತಿಳಿಸಿ ಹೋದ.

ನಿಮಗಾದರೂ ಎಲ್ಲವನ್ನೂ ಹೇಳಿಬಿಡುತ್ತೇನೆ. ಇದು ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲದ ಮಾತು. ನಾನು ಮಸ್ಕಿಯ ಹೈಸ್ಕೂಲೊಂದರಲ್ಲಿ ಕನ್ನಡ ಮಾಸ್ತರ. ಸಂಧಿ ಸಮಾಸಗಳನ್ನು ಬಿಡಿಸುವುದರಲ್ಲಿ ನನಗೆ ಸಾಕಷ್ಟು ಹೆಸರಿತ್ತು. ಕೂಡಿಸುವ ಕೆಲಸ ಯಾರೂ ಒಪ್ಪಿಸಿರಲಿಲ್ಲ. ನಮ್ಮ ಕಡೆ ಹಸುಗೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವುದಿಲ್ಲ. ಹೊಸ ಬಟ್ಟೆ ಒರಟು, ಅದಕ್ಕಿನ್ನೂ ಮನುಷ್ಯರ ಮೈಯ ಪರಿಚಯವಿರುವುದಿಲ್ಲ. ಮನೆಯ ಹಿರಿಯರು ಉಟ್ಟು, ಒಗೆದು, ಒಣಗಿಸಿ, ಮತ್ತೆ ಉಟ್ಟು ಮೆತ್ತಗಾದ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಇಟ್ಟು ಸಾಲುಸಾಲಾಗಿ ಹೊಲಿದು ಕೌದಿ ಮಾಡುತ್ತಾರೆ. ಕೂಸು ಅದರ ಮೇಲೆ ಮಲಗಿದರೆ ಇಡೀ ಮನೆತನದ ಮಡಿಲಲ್ಲಿ ಮಲಗಿದ ಹಾಗೆ. ಆ ಮನೆತನದಲ್ಲಿ ಒಬ್ಬಿಬ್ಬರು ನನ್ನಂಥವರಿದ್ದರೂ ಕೂಸಿಗೆ ಅದರಿಂದ ವಿಶೇಷ ಬಾಧೆಯಿಲ್ಲ.

ಏಳನೆಯ ತಿಂಗಳಲ್ಲಿ, ತವರಿಗೆ ಹೊರಡುವ ಎರಡು ದಿನ ಮೊದಲು, ಗಿರಿಜಾ ಅಟ್ಟದ ಮೇಲಿದ್ದ ಬಟ್ಟೆಯ ಗಂಟೊಂದನ್ನು ತೋರಿಸಿ ಹೇಳಿದ್ದಳು: "ಇದು ಕೂಸಿನ ಕೌದಿಗೆ ಇಟ್ಟದ್ದು ನೋಡ್ರಿ. ಯಾರಿಗೂ ಕೊಡಬ್ಯಾಡ್ರಿ. ನಿಮ್ಮವ್ವಾರ ಹಸರ ಸೀರಿ ಕೌದಿ ನಡುವ ಬರಬೇಕಂತ ನನ್ನ ಆಸೆ." ನಾನು ಹೂಂ ಎಂದು ತಲೆಯಾಡಿಸಿದೆ. ನನ್ನ ತಲೆಯಾಡಿಸುವಿಕೆಯ ಬಗ್ಗೆ ಒಂದು ಮಾತು ಹೇಳಬೇಕು. ಅದು ಕಿವಿಗೂ ಕತ್ತಿಗೂ ನೇರವಾಗಿ ಏರ್ಪಟ್ಟ ಒಂದು ಒಪ್ಪಂದ; ನಡುವೆ ಮಿದುಳಿನ ಪಾತ್ರವಿಲ್ಲ. ಸಿಬ್ಬಂದಿ ಸಭೆಗಳಲ್ಲಿ ಇದರಿಂದ ಬಹಳ ಪ್ರಯೋಜನವಾಗಿದೆ, ಸಂಸಾರದಲ್ಲಿ ಅಷ್ಟಾಗಿ ಆಗಿಲ್ಲ.

ಆಮೇಲಿನ ಒಂದು ರವಿವಾರ, ಬುಟ್ಟಿ ಹೊತ್ತ ಹೆಂಗಸಿನ ಕೂಗು ಓಣಿಯಲ್ಲಿ ಕೇಳಿತು. "ಹಳೇ ಬಟ್ಟೀ... ಸ್ಟೀಲ್ ಸಾಮಾನ್ರೀ..." ಹಳೆಯ ಬಟ್ಟೆ ಕೊಟ್ಟರೆ ಸ್ಟೀಲಿನ ಪಾತ್ರೆ ಕೊಡುವ ಈ ಹೆಂಗಸರ ಜೊತೆ ಚೌಕಾಶಿ ಮಾಡುವುದು ನಮ್ಮೂರಿನ ಗೃಹಿಣಿಯರಿಗೆ ಕರತಲಾಮಲಕವಾದ ವಿದ್ಯೆ. ನಾನು ಆ ಶಾಸ್ತ್ರದಲ್ಲಿ ನಿರಕ್ಷರಿ. ಆದರೆ ಅಂದು ಮನೆಯಲ್ಲಿ ಒಬ್ಬನೇ ಇದ್ದೆ, ಮುಂಜಾನೆಯಿಂದ ಯಾರೊಡನೆಯೂ ಮಾತಾಡಿರಲಿಲ್ಲ, ಮನೆಗೆ ಏನಾದರೂ ಉಪಕಾರ ಮಾಡಬೇಕೆಂಬ ಉದಾತ್ತ ಭಾವನೆ ಬೇರೆ ಮೂಡಿತ್ತು. ಅಟ್ಟದಿಂದ ಗಂಟು ಇಳಿಸಿದೆ. ಬಿಚ್ಚಿಯೂ ನೋಡಲಿಲ್ಲ. ಆಕೆ ಮೊದಲು ಒಂದು ಚಮಚ ತೋರಿಸಿದಳು, ನಾನು ನಕ್ಕೆ. ಬಟ್ಟಲು ತೋರಿಸಿದಳು, ನಾನು ಆಕಾಶ ನೋಡಿದೆ. ಕಟ್ಟಕಡೆಗೆ ಮೂರು ಅಂತಸ್ತಿನ ಟಿಫಿನ್ ಡಬ್ಬಿ ಹೊರಬಂತು. ಜೀವನದಲ್ಲಿ ನಾನು ಗೆದ್ದ ಮೊದಲ ಚೌಕಾಶಿ ಅದು. ಆಕೆ ಗಂಟನ್ನು ತಲೆಗೇರಿಸಿ ನಡೆದ ವೇಗ ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು. ಒಳಗೆ ಹೋಗಿ ನೋಡಿದರೆ ಡಬ್ಬಿಯ ಮೂರು ಅಂತಸ್ತುಗಳು ಮೂರು ಬೇರೆ ಬೇರೆ ಡಬ್ಬಿಗಳ ಅನಾಥ ಮಕ್ಕಳಾಗಿದ್ದವು, ಒಂದರ ಮೇಲೊಂದು ಕೂರಲು ಒಪ್ಪುತ್ತಿರಲಿಲ್ಲ. ಮುಚ್ಚಳವಂತೂ ಅವುಗಳ ಪೈಕಿ ಯಾವುದನ್ನೂ ಈ ಹಿಂದೆ ನೋಡಿದ ಹಾಗಿರಲಿಲ್ಲ.

ಆದರೂ ಗೆಲುವು ಗೆಲುವೇ. ಮಗಳು ಹುಟ್ಟಿದಳು. ಹೆಸರಿಡುವ ದಿನ ಅದೇ ಡಬ್ಬಿಯಲ್ಲಿ ಪೇಡೆ ತುಂಬಿ, ಸುತ್ತ ದಾರ ಬಿಗಿದು, ಬಸ್ಸು ಹತ್ತಿ ಸಿಂಧನೂರಿಗೆ ಹೋದೆ. ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಸುತ್ತಮುತ್ತ ದಢೇಸುಗೂರಿನವರೆಗೂ ಭತ್ತದ ಹಸಿರು. ನಮ್ಮದು ಜೋಳ ತೊಗರಿಯ ಒಣಭೂಮಿ. ಅನ್ನ ಉಣ್ಣುವ ನಮ್ಮ ಅತ್ತೆ ರೊಟ್ಟಿ ತಿನ್ನುವ ಅಳಿಯನನ್ನು ಯಾವಾಗಲೂ ಬರಗಾಲದಿಂದ ಪಾರಾಗಿ ಬಂದವನಂತೆ ಕಂಡು ಎರಡು ಸೌಟು ಹೆಚ್ಚೇ ಬಡಿಸುತ್ತಾರೆ. ಅಂದೂ ಹಾಗೆಯೇ ಉಂಡು, ಬಾಣಂತಿಯ ಕೋಣೆಯ ಬಾಗಿಲಲ್ಲಿ ಕೂತು, ಡಬ್ಬಿಯನ್ನು ಗಿರಿಜಾಳ ಮುಂದೆ ಸರಿಸಿದೆ.

"ಈ ಡಬ್ಬಿ ಎಲ್ಲೀದ್ರೀ?" ಎಂದಳು.

"ಹಳೇ ಬಟ್ಟಿಗೆ ತಗೊಂಡೆ. ಆಕಿ ಚಮಚ ಕೊಡ್ತೀನಿ ಅಂದ್ಲು, ನಾ ಬಿಡ್ತೀನೇನು?"

"ಯಾವ ಹಳೇ ಬಟ್ಟಿ?"

ಆ ಪ್ರಶ್ನೆಯಲ್ಲಿದ್ದ ಮಂದಸ್ವರವನ್ನು ಕೇಳಿದಾಗಲೇ ನನಗೆ ಅಟ್ಟ ನೆನಪಾಯಿತು. ಅಟ್ಟದ ಹಿಂದೆಯೇ ಗಂಟು, ಗಂಟಿನ ಹಿಂದೆಯೇ ಅವ್ವನ ಹಸಿರು ಸೀರೆ. ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಮೊಮ್ಮಗಳನ್ನು ನೋಡಲಿಲ್ಲ, ಅವಳ ಸೀರೆಯಾದರೂ ಮೊಮ್ಮಗಳ ಮೈ ಮುಟ್ಟಬೇಕಿತ್ತು. ಅದನ್ನು ನಾನು ಮುಚ್ಚಳ ಹೊಂದದ ಡಬ್ಬಿಗೆ ಕೊಟ್ಟುಬಿಟ್ಟಿದ್ದೆ. "ಅವ್ವನ ಸೀರಿ ಹೋತು" ಎಂದೆ. ಗಿರಿಜಾ ಏನೋ ಹೇಳಲು ಬಾಯಿ ತೆರೆದಳು. ಆದರೆ ಅಷ್ಟರಲ್ಲಿ ನಾನು ಅಳತೊಡಗಿದ್ದೆ. ಸದ್ದಿಲ್ಲದ ಸಭ್ಯ ಅಳುವಲ್ಲ, ಮೂಗು ಸೋರುವ, ಭುಜ ಕುಣಿಯುವ, ಹೆಸರಿಡಲು ಬಂದ ಹೆಂಗಸರೆಲ್ಲ ಹಾಡು ನಿಲ್ಲಿಸಿ ಇಣುಕಿ ನೋಡುವಂಥ ಅಳು. ಹೆಣ್ಣು ಹುಟ್ಟಿತೆಂದು ಅಳುತ್ತಿದ್ದಾನೆಂದು ತಿಳಿದ ಒಬ್ಬ ಮುದುಕಿ ನನಗೆ ಚೆನ್ನಾಗಿ ಬೈದು ಹೋದಳು. ಗಿರಿಜಾ ಬಾಯಿ ಮುಚ್ಚಿ ನನ್ನನ್ನೇ ನೋಡುತ್ತ ಕೂತಳು.

ಅಳು ನಿಂತ ಮೇಲೆ ತೀರ್ಪು ಬಂತು. "ಮೂರು ತಿಂಗಳ ತುಂಬಿದ ಮ್ಯಾಲೆ ನಾ ಬರಬೇಕಲ್ರಿ, ಕೌದಿ ಇಲ್ಲದ ಮನಿಗೆ ಕೂಸಿನ ಕರ್ಕೊಂಡು ಬರಂಗಿಲ್ಲ ನೋಡ್ರಿ."

ಅತ್ತೆ ನಡುವೆ ಬಂದರು. "ಅಳಿಯಂದಿರಿಗ್ಯಾಕ ತ್ರಾಸು ಕೊಡ್ತೀ ಬೇ? ಕೌದಿ ಹೊಲಿಯೋರು ಓಣ್ಯಾಗ ಬರ್ತಾರ, ನಾನ ಹೊಲಿಸಿ ಕೊಡ್ತೀನಿ."

"ಯಾರ ಕೈಲೆ ಹೋಗೈತಿ, ಅವರ ಕೈಲೆ ಬರಲಿ" ಎಂದಳು ಗಿರಿಜಾ.

ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ವಿವೇಕಿಗಳ ಲಕ್ಷಣ. "ನಾನ ಹೊಲೀತೀನಿ! ಅವ್ವನ ಸೀರೀನೂ ಹುಡುಕಿ ತರತೀನಿ!" ಎಂದು ಎದ್ದು ನಿಂತೆ. ಅತ್ತೆ ನಕ್ಕ ರಭಸಕ್ಕೆ ಮಲಗಿದ್ದ ಕೂಸು ಎದ್ದು ಕೂಗಿತು.

ಮಸ್ಕಿಯ ವಾರದ ಸಂತೆಯಲ್ಲಿ ಆ ಪಾತ್ರೆಯವಳನ್ನು ಹುಡುಕಿದ್ದು ನನ್ನ ಬಾಳಿನ ಅತ್ಯಂತ ವ್ಯರ್ಥ ಸಂಶೋಧನೆ. ನನಗೆ ಆಕೆಯ ಮುಖ ನೆನಪಿರಲಿಲ್ಲ, ಚೌಕಾಶಿಯ ಮಹೋತ್ಸಾಹದಲ್ಲಿ ಬರೀ ಡಬ್ಬಿಯನ್ನು ನೋಡಿದ್ದೆ. ಬುಟ್ಟಿ ಹೊತ್ತ ಮೂವರನ್ನು ತಡೆದು ನಿಲ್ಲಿಸಿ ಕೇಳಿದೆ. ಒಬ್ಬಳು ತಾನಲ್ಲವೆಂದಳು. ಇನ್ನೊಬ್ಬಳು ತಾನೇ ಇರಬಹುದು, ಆದರೆ ಗಂಟುಗಳೆಲ್ಲ ಆವತ್ತಿನವು ಆವತ್ತೇ ದೊಡ್ಡ ವ್ಯಾಪಾರಿಯ ಲಾರಿ ಹತ್ತುತ್ತವೆ ಎಂದಳು. ಮೂರನೆಯವಳು ನನ್ನ ದುಃಖವನ್ನೆಲ್ಲ ಶಾಂತವಾಗಿ ಕೇಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದಿರ್ಲಿ ಬಿಡ್ರಿ ಯಪ್ಪಾ, ಮೈಮ್ಯಾಗಿನ ಅಂಗಿ ಕೊಡ್ರಿ, ತಾಟು ಕೊಡ್ತೀನಿ" ಎಂದಳು. ಒಂದು ಕ್ಷಣ ನಾನು ತಾಟಿನ ಕಡೆ ನೋಡಿದೆನೆಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ.

ಉಳಿದದ್ದು ಅಕ್ಕ. ನನ್ನ ಅಕ್ಕ ಸಂತೆಕಲ್ಲೂರಿನಲ್ಲಿ ಇದ್ದಾಳೆ, ನನಗಿಂತ ಹನ್ನೊಂದು ವರ್ಷ ದೊಡ್ಡವಳು, ನನ್ನ ತಪ್ಪುಗಳನ್ನೆಲ್ಲ ಮೊದಲಿನಿಂದ ಕಡೆಯವರೆಗೆ ಕಂಠಸ್ಥ ಮಾಡಿದವಳು. ನನ್ನ ಕಥೆ ಕೇಳಿ ಆ ಪಟ್ಟಿಗೆ ಇದನ್ನೂ ಸೇರಿಸಿಕೊಂಡಳು. ಆಮೇಲೆ ಪೆಟ್ಟಿಗೆ ತೆರೆದು ಹಸಿರು ಮೈಯ, ಕೆಂಪು ಸೆರಗಿನ ಹಳೆಯ ಇಳಕಲ್ ಸೀರೆಯೊಂದನ್ನು ತೆಗೆದಳು.

"ತಗೋ ಲೇ ತಮ್ಮಾ. ಅವ್ವಂದೂ ನಂದೂ ಜೋಡಿ ಸೀರಿ ಇದು. ಒಂದ ದಿನ, ಒಂದ ಅಂಗಡ್ಯಾಗ ತಗೊಂಡಿದ್ವಿ. ಅವ್ವಂದು ಹೋದ್ರ ಹೋಗ್ಲಿ, ಸೋದರತ್ತಿ ಸೀರಿನಾರ ಕೂಸಿಗೆ ಆಗ್ಲಿ."

ನನ್ನ ತಲೆಯಲ್ಲಿ ಅಲ್ಲೇ ಒಂದು ದುರಾಲೋಚನೆ ಹೊಳೆಯಿತು. ಜೋಡಿ ಸೀರೆ ಎಂದ ಮೇಲೆ ಇದೇ ಅವ್ವನ ಸೀರೆ ಎಂದರೆ ಯಾರಿಗೆ ತಿಳಿಯುತ್ತದೆ? ನನ್ನ ಮುಖವನ್ನು ಓದಲು ಅಕ್ಕನಿಗೆ ಕನ್ನಡಕ ಬೇಡ. "ಗಿರಿಜಾಗ ಖರೇ ಹೇಳಬೇಕು ಮತ್ತ, ಇದು ಅವ್ವಂದಲ್ಲ ಅಂತ" ಎಂದಳು. ನಾನು ಹೂಂ ಎಂದು ತಲೆಯಾಡಿಸಿದೆ.

ಅವಳೇ ಹೊಲಿಗೆಯ ದೀಕ್ಷೆಯನ್ನೂ ಕೊಟ್ಟಳು. ನಾನು ಜೊತೆಗೆ ಒಯ್ದಿದ್ದ ಆಯುಧವನ್ನು ನೋಡಿ ಹಣೆ ಬಡಿದುಕೊಂಡು, "ಇದು ಜೋಳದ ಚೀಲ ಹೊಲಿಯೋ ದಬ್ಬಣ ಲೇ, ಕೂಸಿನ ಕೌದಿ ಹೊಲಿಯೋದಲ್ಲ" ಎಂದು ಅದನ್ನು ಕಸಿದುಕೊಂಡು ಸೂಜಿ ಕೊಟ್ಟಳು. "ಮದ್ಲ ಅರಿವಿ ಪದರ ಸಪಾಟು ಹಾಸ್ಕೋ. ದೊಡ್ಡ ದೊಡ್ಡ ಹೊಲಿಗಿ ಹಾಕಿ ಅಲ್ಲಾಡಲಾರದಂಗ ಕೂಡಿಸ್ಕೋ. ಆಮ್ಯಾಲೆ ದಂಡಿಯಿಂದ ಸುರು ಮಾಡಿ ಸುತ್ತು ಹಾಕ್ಕೋತ ನಡುವಕ ಬಾ." ಎಷ್ಟು ಸರಳ! ನಾನು ಮೊದಲನೆಯ ಮಾತನ್ನೂ ಮೂರನೆಯ ಮಾತನ್ನೂ ಚಾಚೂ ತಪ್ಪದೆ ಪಾಲಿಸಿದೆ. ನಡುವಿನ ಮಾತು ವ್ಯಾಖ್ಯಾನಕ್ಕಾಗಿ ಸೇರಿಸಿದ ಪೂರಕ ವಾಕ್ಯವೆಂದು ಭಾವಿಸಿ ಬಿಟ್ಟುಬಿಟ್ಟೆ.

ಕೂಡಿಸಿಕೊಳ್ಳದ ಪದರಗಳು ಏನು ಮಾಡುತ್ತವೆಂಬುದನ್ನು ಕೌದಿ ಹೊಲಿದವರೆಲ್ಲ ಬಲ್ಲರು. ನಾನು ನಿಧಾನವಾಗಿ ಬಲ್ಲವನಾದೆ. ದಂಡೆಯಿಂದ ಒಂದೊಂದು ಸುತ್ತು ಹಾಕುತ್ತ ಬಂದ ಹಾಗೆ ಒಳಗಿನ ಬಟ್ಟೆ ನನ್ನ ಸೂಜಿಗೆ ಹೆದರಿ ಒಂದೊಂದು ಎಳೆಯಷ್ಟೇ ಹಿಂದೆ ಸರಿಯುತ್ತ, ನಾಲ್ಕೂ ದಿಕ್ಕಿನಿಂದ ನಡುವಿಗೆ ಓಡಿ ಬಂದು ಒಟ್ಟಾಗಿ ನಿಂತಿತು. ಹದಿನೈದು ದಿನದಲ್ಲಿ ಕೌದಿಯ ನಟ್ಟನಡುವೆ, ಎಲ್ಲಿ ಅಕ್ಕನ ಹಸಿರು ಸೀರೆಯ ತುಂಡು ಇತ್ತೋ ಅಲ್ಲೇ, ಗುಡ್ಡವೊಂದು ಎದ್ದಿತು. ಮಸ್ಕಿಯಲ್ಲಿ ಮೊದಲೇ ಒಂದು ಗುಡ್ಡವಿದೆ, ಅದರ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಸಾಮ್ರಾಟ ಶಾಸನ ಕೊರೆಸಿದ್ದಾನೆ. ಕೊರೆದವನ ಕೆಲಸ ನನಗಿಂತ ಸುಲಭವಿತ್ತೆಂದು ನನ್ನ ಪ್ರಾಮಾಣಿಕ ಅಭಿಪ್ರಾಯ. ಬಂಡೆ ಹಿಂದೆ ಸರಿಯುವುದಿಲ್ಲ.

ಗುಡ್ಡದ ಹೊರತಾಗಿ ಕೌದಿಗೆ ಇನ್ನೂ ಕೆಲವು ವೈಶಿಷ್ಟ್ಯಗಳಿದ್ದವು. ಅಕ್ಕನ ಸೀರೆ ಸಾಲದೆ ನನ್ನ ಅಂಗಿಗಳನ್ನು ಕತ್ತರಿಸಿ ಸೇರಿಸಿದ್ದೆ. ಅದರಲ್ಲೊಂದರ ಕಿಸೆ ಬಿಚ್ಚುವುದನ್ನು ಮರೆತು ಇಡಿಯಾಗಿ ಹೊಲಿದುಬಿಟ್ಟಿದ್ದರಿಂದ ಒಂದು ಮೂಲೆಯಲ್ಲಿ ಕಿಸೆಯಿತ್ತು. ನನ್ನ ಸಹೋದ್ಯೋಗಿಯಾದ ಗಣಿತದ ಮಾಸ್ತರರು ಒಂದು ಸಂಜೆ ಬಂದು ಟೇಪು ಹಿಡಿದು ಅಳೆದರು. ನಾಲ್ಕು ಬದಿ, ನಾಲ್ಕು ಅಳತೆ. ಬಹಳ ಹೊತ್ತು ಚಿಂತಿಸಿ, "ಇದಕ್ಕ ನಮ್ಮ ಪುಸ್ತಕದಾಗ ಹೆಸರಿಲ್ರಿ" ಎಂದರು. ಅವರ ದನಿಯಲ್ಲಿ ಗೌರವವಿತ್ತೆಂದೇ ನಾನು ಇಂದಿಗೂ ನಂಬಿದ್ದೇನೆ.

ಮೂರು ತಿಂಗಳು ತುಂಬಲು ವಾರವಿದೆ ಎನ್ನುವಾಗ ಲಿಂಗಸುಗೂರಿನಲ್ಲಿ ಶಿಕ್ಷಕರ ತರಬೇತಿ ಬಂತು. ಇನ್ನೂ ನಾಲ್ಕು ಸುತ್ತು ಹೊಲಿಗೆ ಬಾಕಿ ಇತ್ತು. ಬೇರೆ ದಾರಿಯಿಲ್ಲದೆ ಕೌದಿಯನ್ನು ಚೀಲದಲ್ಲಿ ತುಂಬಿಕೊಂಡು ಹೋದೆ. ಸಭಾಂಗಣದಲ್ಲಿ ಎಲ್ಲರೂ ಉದ್ದನೆಯ ಜಮಖಾನದ ಮೇಲೆ ಪದ್ಮಾಸನ ಹಾಕಿ ಕೂತಿದ್ದರು. ನಾನು ಕಡೆಯ ಸಾಲಿನಲ್ಲಿ, ಸ್ಥೂಲಕಾಯದ ಇಬ್ಬರು ಡ್ರಿಲ್ ಮಾಸ್ತರರ ಬೆನ್ನಿನ ನೆರಳಿನಲ್ಲಿ ಕೂತು, ಕೌದಿಯನ್ನು ಮುಂದೆ ಹಾಸಿಕೊಂಡು ಹೊಲಿಯತೊಡಗಿದೆ. ತರಬೇತಿಯ ವಿಷಯ 'ಏಕಾಗ್ರತೆ'. ಸಭೆಯಲ್ಲಿ ಅದನ್ನು ನನ್ನಷ್ಟು ಸಾಧಿಸಿದವರು ಇನ್ನೊಬ್ಬರಿರಲಿಲ್ಲ. ಎರಡು ತಾಸಿನಲ್ಲಿ ಎರಡು ಸುತ್ತು ಮುಗಿಯಿತು, ಅದೂ ಎಂದಿಲ್ಲದಷ್ಟು ಬಿಗಿಯಾಗಿ. ಇದೇನು, ಇಂದು ಬಟ್ಟೆ ಸ್ವಲ್ಪವೂ ಸರಿಯುತ್ತಿಲ್ಲವಲ್ಲ ಎಂದು ನನಗೆ ಹಿಗ್ಗು.

ಅಷ್ಟರಲ್ಲಿ ಮೇಲಧಿಕಾರಿಗಳು ಒಳಗೆ ಬಂದರು. ಎಲ್ಲರೂ ಎದ್ದು ನಿಂತರು. ನಾನೂ ಕೌದಿಯನ್ನು ಬಾಚಿ ಬೆನ್ನ ಹಿಂದೆ ಅಡಗಿಸಿಕೊಳ್ಳಲು ಎಳೆದೆ. ಕೌದಿಯ ಜೊತೆ ಜಮಖಾನವೂ ಬಂತು. ಆಗಷ್ಟೇ ಅರ್ಧ ಎದ್ದಿದ್ದ ಡ್ರಿಲ್ ಮಾಸ್ತರರಿಬ್ಬರೂ, ತಾವು ಮಕ್ಕಳಿಗೆ ಎಂದೂ ಕಲಿಸದ ಒಂದು ಭಂಗಿಯಲ್ಲಿ ಹಿಂದಕ್ಕೆ ಉರುಳಿದರು. ಸರಕಾರಿ ಜಮಖಾನಕ್ಕೂ ನನ್ನ ಮಗಳ ಕೌದಿಗೂ ಎರಡು ಸುತ್ತು ಭದ್ರವಾಗಿ ಹೊಲಿಗೆ ಬಿದ್ದಿತ್ತು.

"ಏನ್ರಿ ಮಾಸ್ತರ, ಜಮಖಾನಾ ಮನಿಗೆ ಒಯ್ಯೋ ವಿಚಾರ ಐತೇನ್ರಿ?" ಎಂದರು ಸಾಹೇಬರು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೌದಿಯ ಗುಡ್ಡವನ್ನು ಮುಟ್ಟಿ ನೋಡಿ, ಕಿಸೆಯಲ್ಲಿ ಎರಡು ಬೆರಳು ಇಳಿಸಿ ನೋಡಿ, "ಕೂಸು ಗಂಡೋ ಹೆಣ್ಣೋ?" ಎಂದು ಕೇಳಿದರು. ಹೆಣ್ಣು ಎಂದೆ. "ಹಂಗಾದ್ರ ಕಿಸೆ ಇರಲಿ. ಹೆಣ್ಣಮಕ್ಕಳ ಅರಿವ್ಯಾಗ ಯಾರೂ ಕಿಸೆ ಇಡಂಗಿಲ್ಲ" ಎಂದು ತೀರ್ಮಾನ ಕೊಟ್ಟು, ಜಮಖಾನ ಬಿಡಿಸುವವರೆಗೆ ನನಗೆ ಊಟವಿಲ್ಲವೆಂದು ಆಜ್ಞಾಪಿಸಿ ಹೋದರು. ನಾನು ಬಿಡಿಸಿದೆ. ಜಮಖಾನದ ಕೆಂಪು ನೀಲಿ ನೂಲು ಕೆಲವು ಕೌದಿಯಲ್ಲೇ ಉಳಿದವು.

ಅಂತೂ ಒಂದು ರವಿವಾರ ಕೌದಿ ಮುಗಿಯಿತು. ಅದನ್ನು ಮಡಚಿ (ಗುಡ್ಡ ಮಡಚಿಕೊಳ್ಳಲಿಲ್ಲ, ಅದರ ಸುತ್ತ ಉಳಿದದ್ದನ್ನು ಮಡಚಿ) ಸಿಂಧನೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸುಳ್ಳಿನ ತಾಲೀಮು ನಡೆಯಿತು. ಅಕ್ಕನಿಗೆ ತಲೆಯಾಡಿಸಿದ್ದು ನಿಜ, ಆದರೆ ಅವ್ವನ ಸೀರೆ ಹುಡುಕಿ ತರುತ್ತೇನೆಂದು ಅಷ್ಟು ಜನರ ಮುಂದೆ ಶಪಥ ಮಾಡಿದ್ದೂ ನಿಜ. ಬರಿಗೈಯಲ್ಲಿ ಹೋಗಿ, ಅದು ಸಿಗಲಿಲ್ಲ, ಇದು ಅಕ್ಕನದು ಎಂದರೆ ಗಿರಿಜಾ ಬರದೇ ಹೋದರೆ? ಮಗಳು ನಡೆಯುವುದನ್ನೂ ಮಾತಾಡುವುದನ್ನೂ ಸಿಂಧನೂರಿನಲ್ಲೇ ಕಲಿತು, ರವಿವಾರಕ್ಕೊಮ್ಮೆ ಬರುವ ಈ ಮನುಷ್ಯ ಯಾರೆಂದು ಕೇಳಿದರೆ? ಖಾಲಿ ಮನೆಯಲ್ಲಿ, ಗಿರಿಜಾ ನನ್ನ ಕೈಗೇ ಮರಳಿಸಿದ್ದ ಮೂರು ಅಂತಸ್ತಿನ ಆ ಡಬ್ಬಿಯನ್ನು ನೋಡುತ್ತ ಒಬ್ಬನೇ ಉಂಡದ್ದು ನನಗೆ ಸಾಕಾಗಿತ್ತು. ನಿಜಕ್ಕೂ ಸಾಕಾಗಿತ್ತು.

ಅತ್ತೆಯ ಮನೆಯ ಪಡಸಾಲೆಯಲ್ಲಿ ತೊಲೆಗೆ ಸೀರೆಯ ಜೋಲಿ ಕಟ್ಟಿದ್ದರು, ಕೂಸು ಅದರಲ್ಲಿ ಮಲಗಿತ್ತು. ಹೆಸರಿಟ್ಟ ಮೇಲೆ ಪ್ರತಿ ರವಿವಾರವೂ ಬಂದು ಹೋಗುತ್ತಿದ್ದ ನನ್ನ ಜಾಗ ಅದರ ಪಕ್ಕ. ಕೂತು, ಎಡಗೈಯಲ್ಲಿ ಜೋಲಿ ತೂಗುತ್ತ, ಬಲಗೈಯಲ್ಲಿ ಕೌದಿ ಬಿಚ್ಚಿ ಅತ್ತೆಗೆ ತೋರಿಸುತ್ತ, ಸಿದ್ಧಮಾಡಿಕೊಂಡ ಪ್ರವಚನ ಆರಂಭಿಸಿದೆ. ಪಾತ್ರೆಯವಳ ಜಾಡು ಹಿಡಿದು ಹಳ್ಳಿಹಳ್ಳಿ ಅಲೆದದ್ದು, ಬಟ್ಟೆಯ ವ್ಯಾಪಾರಿಯ ಗೋದಾಮು ಹೊಕ್ಕದ್ದು, ಪರ್ವತದಂತೆ ಬಿದ್ದಿದ್ದ ಗಂ‍ಟುಗಳಲ್ಲಿ ಮೂರು ದಿನ ಅಗೆದದ್ದು. ಗಿರಿಜಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಹೌದೇನ್ರಿ? ಅಷ್ಟು ಸೀರ್ಯಾಗ ನಿಮ್ಮವ್ವಾರದು ಯಾವುದಂತ ಹೆಂಗ ಗುರುತು ಹಿಡದ್ರಿ?"

"ನಮ್ಮವ್ವನ ಸೀರಿ ನನಗ ಗುರುತ ಸಿಗಂಗಿಲ್ಲೇನು?" ಎಂದೆ, ಕೌದಿಯ ಗುಡ್ಡವನ್ನು ಸವರುತ್ತ. "ಸಾವಿರ ಸೀರಿ ತಂದು ಮುಂದ ಒಗೀರಿ, ಕಣ್ಣು ಮುಚ್ಚಿ ಮುಟ್ಟಿ ಹೇಳ್ತೀನಿ."

ಅತ್ತೆ ಗೋಡೆಯ ಕಡೆ ಮುಖ ಮಾಡಿದರು. ಅವರ ಭುಜ ಅಲುಗುತ್ತಿತ್ತು. ಮನಕರಗಿ ಅಳುತ್ತಿದ್ದಾರೆಂದು ತಿಳಿದು ನಾನು ಗೋದಾಮಿನ ಪ್ರಸಂಗವನ್ನು ಇನ್ನಷ್ಟು ಬೆಳೆಸುವವನಿದ್ದೆ.

"ಹಂಗಾದ್ರ ನಿಮ್ಮ ಎಡಗೈಯಾಗ ಏನೈತಿ, ಒಂದೀಟು ನೋಡ್ರಿ" ಎಂದಳು ಗಿರಿಜಾ.

ನೋಡಿದೆ. ಹಸಿರು ಮೈ. ಕೆಂಪು ಸೆರಗು ತೊಲೆಯ ಗಂಟಿನಲ್ಲಿತ್ತು. ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡ ಎರಡು ಸೀರೆಗಳು ನನ್ನ ಎರಡು ಕೈಗಳಲ್ಲಿ, ಒಂದು ಮೊಳದ ಅಂತರದಲ್ಲಿ ಇದ್ದವು. ಹೆಸರಿಟ್ಟ ಮರುವಾರದಿಂದ ನಾನು ತೂಗುತ್ತಿದ್ದದ್ದು ಅವ್ವನ ಸೀರೆಯನ್ನೇ. ಕಳೆದುಹೋಯಿತೆಂದು ಮರುಗುತ್ತ, ಅದನ್ನೇ ತೂಗುತ್ತ, ಎಷ್ಟು ರವಿವಾರ ಅದಕ್ಕೆ ಒರಗಿ ತೂಕಡಿಸಿದ್ದೆನೋ.

"ಅಟ್ಟದ ಗಂಟಿನ್ಯಾಗ ಇಟ್ಟಿದ್ದೆ ಖರೆ. ಹೊರಡೋ ದಿನ ಮನಸ್ಸು ತಡೀಲಿಲ್ಲ, ತಗದು ನನ್ನ ಟ್ರಂಕಿನ್ಯಾಗ ಹಾಕ್ಕೊಂಡು ಬಂದೆ" ಎಂದಳು.

ನನ್ನ ಪ್ರವಚನ ಅಲ್ಲಿಗೆ ಮಂಗಳವಾಯಿತು. ಕೌದಿಯದು ಅಕ್ಕನ ಸೀರೆ, ಗೋದಾಮು ನನ್ನ ಸೃಷ್ಟಿ ಎಂದು ಒಪ್ಪಿಕೊಂಡೆ. ಅತ್ತೆ ಇನ್ನು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಓಡಿದರು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. "ಆವತ್ತ ಹೇಳಬೇಕಿಲ್ಲೋ? ಮೂರು ತಿಂಗಳು ಸುಮ್ನ ಇದ್ದಿಯಲ್ಲ!" ಎಂದೆ.

"ಹೇಳಾಕಂತ ಬಾಯಿ ತಗದಿದ್ದೆ. ನೀವು ಅಳಾಕತ್ತಿದ್ರಿ." ಗಿರಿಜಾ ಬಂದು ಜೋಲಿಯ ಇನ್ನೊಂದು ಬದಿಗೆ ಕೂತಳು. "ನಿಮ್ಮವ್ವಾರು ಹೋದಾಗ ನೀವು ಅಳಲಿಲ್ರಿ. ಬಂದೋರಿಗೆಲ್ಲಾ ಚಹಾ ಆತೇನು, ಚಹಾ ಆತೇನು ಅಂತ ಕೇಳ್ಕೋತ ಮೂರು ದಿನ ತಿರಗಾಡಿದ್ರಿ. ಎರಡು ವರ್ಷ ನನಗ ಅದ ಚಿಂತಿ ಇತ್ತು. ಸೀರಿ ನೆವದಾಗರ ಅಳಲಿ ಅಂತ ಬಿಟ್ಟೆ."

ನನ್ನ ಕೈ ತನ್ನಷ್ಟಕ್ಕೆ ಜೋಲಿ ತೂಗುತ್ತಿತ್ತು. ಅವ್ವ ಹೋದ ದಿನ ನಾನು ಅತ್ತಿರಲಿಲ್ಲವೆಂಬುದು ಅವಳು ಹೇಳುವ ತನಕ ನನಗೇ ಗೊತ್ತಿರಲಿಲ್ಲ. ಯಾರಿಗೂ ಚಹಾ ತಪ್ಪಬಾರದೆಂದು ಲೋಟಗಳ ಲೆಕ್ಕದಲ್ಲೇ ಇದ್ದೆ. ಹೆಸರಿಡುವ ದಿನ ಅಷ್ಟು ಜನರ ಮುಂದೆ ಮೂಗು ಸೋರಿಸುತ್ತ ಅತ್ತದ್ದು ಒಂದು ಸೀರೆಗಲ್ಲ ಎಂಬುದು ಗಿರಿಜಾಳಿಗೆ ಅಂದೇ ತಿಳಿದಿತ್ತು.

ಅವಳು ಕೌದಿಯನ್ನು ನೆಲದ ಮೇಲೆ ಹಾಸಿದಳು. ಸೊಟ್ಟ ಅಂಚುಗಳನ್ನು ನೋಡಿದಳು, ಕಿಸೆ ನೋಡಿದಳು, ಜಮಖಾನದ ನೂಲು ನೋಡಿ ಇದೇನೆಂದು ಕೇಳಿದಳು. ಆಮೇಲೆ ಹೇಳುತ್ತೇನೆ ಎಂದೆ. ಹಿತ್ತಲಿನಿಂದ ಬಂದ ಅತ್ತೆ, ನಡುವಿನ ಗುಡ್ಡ ಬಿಚ್ಚಿ ಸರಿಮಾಡಿ ಕೊಡುತ್ತೇನೆಂದು ಕತ್ತರಿ ತಂದರು. ಅಷ್ಟರಲ್ಲಿ ಗಿರಿಜಾ ಕೂಸನ್ನು ಜೋಲಿಯಿಂದ ಎತ್ತಿ ಕೌದಿಯ ಮೇಲೆ ಮಲಗಿಸಿಯಾಗಿತ್ತು. ಕೂಸು ಸ್ವಲ್ಪ ಹೊರಳಾಡಿತು, ಕಾಲು ಝಾಡಿಸಿತು, ಗುಡ್ಡದ ಕಡೆಗೆ ಜಾರಿ ಅದಕ್ಕೆ ಬೆನ್ನು ತಾಗಿಸಿ, ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಎಂಬ ಧೈರ್ಯದಿಂದ ನಿದ್ದೆ ಹೋಯಿತು.

"ಬಿಚ್ಚಬ್ಯಾಡ ಬಿಡವ್ವ" ಎಂದಳು ಗಿರಿಜಾ ತಾಯಿಗೆ.

ಆಮೇಲೆ ಎದ್ದು ನಿಂತು, ತೊಲೆಗೆ ಕೈ ಚಾಚಿ, ಜೋಲಿಯ ಗಂಟನ್ನು ಬಿಚ್ಚತೊಡಗಿದಳು. ಅವ್ವನ ಸೀರೆ ಮೆತ್ತಗೆ ಅವಳ ತೋಳಿನ ಮೇಲೆ ಇಳಿಯಿತು. ಅದನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿ ಇಡುತ್ತ, ನನ್ನ ಕಡೆ ನೋಡದೆಯೇ ಕೇಳಿದಳು: "ಮಸ್ಕಿ ಬಸ್ಸು ಎಷ್ಟೊತ್ತಿಗೈತ್ರಿ?"

ಬಸ್ಸಿನ ವೇಳೆ ನನಗೆ ಬಾಯಿಪಾಠವಿತ್ತು. ಆದರೆ ನನ್ನ ಕಣ್ಣು ಅಡುಗೆಮನೆಯ ಬಾಗಿಲಾಚೆಯ ಲೋಟಗಳನ್ನು ಎಣಿಸತೊಡಗಿತ್ತು. ಅತ್ತೆಯೂ ಗಿರಿಜಾಳೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಏನಾದರೂ ಹೇಳಲೇಬೇಕಿತ್ತು.

"ಎಲ್ಲಾರದೂ ಚಹಾ ಆತೇನ್ರಿ?" ಎಂದೆ.